644 ಕೊಕ್ಕರೆಗೆ ನಿಂತುಹೋದಳೇ ಸದಾಕೊ? ಫಾರ್ವರ್ಡ್ ಹೇಳದ ಉಳಿದರ್ಧ ಕಥೆ

ವಿಜಯಪುರದ ಭೂತನಾಳದಿಂದ ಓದುಗರೊಬ್ಬರು ನಮಗೆ ಒಂದು ವಾಟ್ಸಾಪ್ ಸಂದೇಶ ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಜತೆಗೆ ಮನೆಯ ವಿಷಯವನ್ನೂ ಬರೆದಿದ್ದಾರೆ. ಮಗಳು ವಿಡಿಯೊ ನೋಡಿ ಕಾಗದದ ಕೊಕ್ಕರೆ ಮಡಚಲು ಕೂತಳಂತೆ. ನಾಲ್ಕು ಹಾಳೆ ಹರಿದವು, ಐದನೆಯದನ್ನು ಮುದ್ದೆ ಮಾಡಿ ಎಸೆದು ಅತ್ತಳಂತೆ. ಸಮಾಧಾನಕ್ಕೆಂದು ಮನೆಯವರು ಗ್ರೂಪಿನಲ್ಲಿ ಬಂದಿದ್ದ ಸದಾಕೊ ಕಥೆ ಓದಿ ಹೇಳಿದರೆ, ಹುಡುಗಿಯ ಅಳು ಇನ್ನೂ ಜಾಸ್ತಿಯಾಯಿತಂತೆ!

ಆಗುವುದೇ. ಆ ಫಾರ್ವರ್ಡ್ ನಿಮಗೂ ಬಂದಿರಬಹುದು, ಆಗಸ್ಟ್ 6 ಹತ್ತಿರವಾದಂತೆ ಅದು ಮತ್ತೆ ಓಡಾಡುತ್ತದೆ. ಹಿರೋಶಿಮಾದ ಬಾಲಕಿಗೆ ರಕ್ತ ಕ್ಯಾನ್ಸರ್ ಬಂತು, ಸಾವಿರ ಕೊಕ್ಕರೆ ಮಡಚಿದರೆ ಗುಣವಾಗುವೆ ಎಂದು ನಂಬಿದಳು, 644 ಆಗುವಷ್ಟರಲ್ಲಿ ತೀರಿಕೊಂಡಳು, ಉಳಿದ 356 ಅನ್ನು ಗೆಳತಿಯರು ಮುಗಿಸಿದರು ಎಂಬುದು ಅದರ ಸಾರ.

ಬಾಲಕಿ ನಿಜ, ಕಾಯಿಲೆ ನಿಜ, ಕೊಕ್ಕರೆಗಳೂ ನಿಜ. 644 ಮಾತ್ರ ನಿಜವಲ್ಲ. ಅಮೆರಿಕದ ಲೇಖಕಿ ಎಲಿನರ್ ಕೋರ್ ಮಕ್ಕಳಿಗಾಗಿ ಬರೆದ, 1977ರಲ್ಲಿ ಪ್ರಕಟವಾದ ಕಥಾಪುಸ್ತಕದಿಂದ ಈ ಸಂಖ್ಯೆ ಜಗತ್ತಿಗೆಲ್ಲ ಹಬ್ಬಿತು. ಹಾಗಾದರೆ ನಡೆದದ್ದೇನು?

ಸದಾಕೊ ಸಸಾಕಿ ಹುಟ್ಟಿದ್ದು 1943ರ ಜನವರಿ 7ರಂದು. ತಂದೆ ಕ್ಷೌರದ ಅಂಗಡಿ ನಡೆಸುತ್ತಿದ್ದರು. 1945ರ ಆಗಸ್ಟ್ 6ರಂದು ಅಣುಬಾಂಬ್ ಬಿದ್ದಾಗ ಅವಳಿಗೆ ಎರಡೂವರೆ ವರ್ಷ. ಸ್ಫೋಟದ ಕೇಂದ್ರದಿಂದ ಅವರ ಮನೆ ಒಂದೂವರೆ ಕಿಲೋಮೀಟರಿಗಿಂತ ತುಸು ದೂರದಲ್ಲಿತ್ತು. ಸ್ಫೋಟದ ರಭಸಕ್ಕೆ ಮಗು ಹೊರಗೆ ಹಾರಿಬಿತ್ತು, ಆದರೆ ಮೈಮೇಲೆ ದೊಡ್ಡ ಗಾಯವಿರಲಿಲ್ಲ. ತಾಯಿ ಮಕ್ಕಳನ್ನು ಎತ್ತಿಕೊಂಡು ನದಿಯತ್ತ ಓಡಿದರು. ದಾರಿಯಲ್ಲಿ ವಿಕಿರಣ ಬೆರೆತ ಕಪ್ಪು ಮಳೆ ಅವರ ಮೇಲೆ ಸುರಿಯಿತು. ಮನೆಗೆ ಹಿಂದಿರುಗಿದ ಅಜ್ಜಿ ಬದುಕುಳಿಯಲಿಲ್ಲ.

ಆಮೇಲೆ ಒಂಬತ್ತು ವರ್ಷ ಏನೂ ಆಗಲಿಲ್ಲ. ಸದಾಕೊ ಓಟದಲ್ಲಿ ಚುರುಕು, ಆರನೇ ತರಗತಿಯ ರಿಲೇ ತಂಡದಲ್ಲಿದ್ದಳು. 1954ರ ಕೊನೆಯ ಹೊತ್ತಿಗೆ ಕುತ್ತಿಗೆಯಲ್ಲಿ ಗಂಟುಗಳು ಕಾಣಿಸಿಕೊಂಡವು. ಹೊಸ ವರ್ಷಕ್ಕೆ ಕಾಲಿನ ಮೇಲೆ ನೇರಳೆ ಬಣ್ಣದ ಕಲೆಗಳೆದ್ದವು. 1955ರ ಫೆಬ್ರುವರಿ 21ರಂದು ಹಿರೋಶಿಮಾದ ರೆಡ್ ಕ್ರಾಸ್ ಆಸ್ಪತ್ರೆಗೆ ಸೇರಿಸಿದರು. ಹೆಚ್ಚೆಂದರೆ ಒಂದು ವರ್ಷ ಎಂದು ವೈದ್ಯರು ತಂದೆತಾಯಿಗೆ ತಿಳಿಸಿದರು. ಮಗಳಿಗೆ ಕಾಯಿಲೆಯ ಹೆಸರನ್ನು ಯಾರೂ ಹೇಳಲಿಲ್ಲ.

ಇಲ್ಲಿ ಒಂದು ಮಾತು. ಇಷ್ಟು ವರ್ಷ ಬಿಟ್ಟು ಬಂದ ಕಾಯಿಲೆಗೆ ಬಾಂಬ್ ಹೇಗೆ ಕಾರಣ ಎಂದು ಕೆಲವರು ಕೇಳುತ್ತಾರೆ. ವಿಕಿರಣ ಮೂಳೆಮಜ್ಜೆಯ ಜೀವಕೋಶಗಳಿಗೆ ಮಾಡಿದ ಹಾನಿ ಕೂಡಲೇ ಕಾಣುವುದಿಲ್ಲ. ಬಾಂಬಿನಿಂದ ಬದುಕುಳಿದವರನ್ನು ದಶಕಗಳ ಕಾಲ ಪರೀಕ್ಷಿಸಿದ ವಿಜ್ಞಾನಿಗಳು, ಎರಡು ವರ್ಷದ ನಂತರ ರಕ್ತ ಕ್ಯಾನ್ಸರ್ ಹೆಚ್ಚತೊಡಗಿದ್ದನ್ನೂ, ಆರರಿಂದ ಎಂಟು ವರ್ಷದ ಹೊತ್ತಿಗೆ ಅದು ಶಿಖರ ಮುಟ್ಟಿದ್ದನ್ನೂ, ಮಕ್ಕಳಲ್ಲಿ ಅಪಾಯ ಹೆಚ್ಚಿದ್ದನ್ನೂ ಕಂಡುಕೊಂಡಿದ್ದಾರೆ. ಅಂದಹಾಗೆ, ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಅಂಥ ಫಾರ್ವರ್ಡ್ ಬಂದರೆ ಅಲ್ಲೇ ಅಳಿಸಿ.

ಈಗ ಕೊಕ್ಕರೆಗಳ ವಿಷಯ. 1955ರ ಆಗಸ್ಟ್‌ನಲ್ಲಿ ನಗೋಯಾದ ವಿದ್ಯಾರ್ಥಿಗಳು ರೋಗಿಗಳಿಗೆಂದು ದಾರಕ್ಕೆ ಪೋಣಿಸಿದ ಬಣ್ಣದ ಕಾಗದದ ಹಕ್ಕಿಗಳನ್ನು ಕಳಿಸಿದರು. ನಾವು ಕೊಕ್ಕರೆ ಎನ್ನುತ್ತೇವೆ, ಜಪಾನಿನವರ ತ್ಸುರು ನಿಜಕ್ಕೂ ನಮ್ಮ ಸಾರಸದ ಬಳಗದ್ದು. ಅದು ಸಾವಿರ ವರ್ಷ ಬದುಕುತ್ತದೆ, ಸಾವಿರ ಮಡಚಿದವರ ಕೋರಿಕೆ ಈಡೇರುತ್ತದೆ ಎಂದು ಅಲ್ಲಿ ನಂಬಿಕೆ. (ಹಕ್ಕಿಯ ನಿಜವಾದ ಆಯುಷ್ಯ ಕೆಲವು ದಶಕ ಮಾತ್ರ.) ಸದಾಕೊ ಮಡಚತೊಡಗಿದಳು. ಯುದ್ಧದಲ್ಲಿ ಸೋತ ದೇಶ, ಕಾಗದ ತುಟ್ಟಿ. ಔಷಧಿ ಸುತ್ತಿ ಬಂದ ಕಾಗದ, ಬೇರೆ ರೋಗಿಗಳಿಗೆ ಬಂದ ಉಡುಗೊರೆಗಳ ಹೊದಿಕೆ, ಕೈಗೆ ಸಿಕ್ಕಿದ್ದೆಲ್ಲ ಚೌಕವಾಯಿತು.

ಒಂದು ತಿಂಗಳೊಳಗೇ ಸಾವಿರ ಮುಗಿಯಿತು. ಹೌದು, ಅವಳೇ ಮುಗಿಸಿದಳು. ಕೋರಿಕೆ ಮಾತ್ರ ಈಡೇರಲಿಲ್ಲ. ಜ್ವರ ಇಳಿಯಲಿಲ್ಲ, ರಕ್ತದ ಲೆಕ್ಕ ಸುಧಾರಿಸಲಿಲ್ಲ. ಆ ಲೆಕ್ಕ ಅವಳಿಗೆ ಗೊತ್ತಿತ್ತು. ಪರೀಕ್ಷೆಯ ಅಂಕಿಗಳನ್ನು ಗುಟ್ಟಾಗಿ ನೋಡಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. ಅದು ಮನೆಯವರ ಕೈಗೆ ಸಿಕ್ಕಿದ್ದು ಅವಳು ಹೋದ ಮೇಲೆ.

ಫಾರ್ವರ್ಡ್ ಬರೆದವರು ಬಿಟ್ಟಿರುವುದು ಇದನ್ನೇ, ನಮಗೆ ಮುಖ್ಯವೆನಿಸುವುದೂ ಇದೇ. ಗುರಿ ಮುಟ್ಟಿಯೂ ಫಲ ಸಿಗದ ಹುಡುಗಿ ಮರುದಿನ ಏನು ಮಾಡಿದಳು? ಎರಡನೇ ಸಾವಿರಕ್ಕೆ ಕೈ ಹಾಕಿದಳು. ತಂದೆ ಸ್ನೇಹಿತರೊಬ್ಬರ ಸಾಲಕ್ಕೆ ಜಾಮೀನು ನಿಂತು ಮನೆಯವರೆಲ್ಲ ಕಷ್ಟಕ್ಕೆ ಸಿಲುಕಿದ್ದರು. ಈ ಸಲದ ಕೋರಿಕೆ ಆ ಸಾಲ ತೀರಲಿ ಎಂಬುದಾಗಿತ್ತು ಎಂದು ಅಣ್ಣ ಮಸಾಹಿರೊ ಮುಂದೆ ಹೇಳಿದ್ದಾರೆ. ಈ ಬಾರಿ ಹಕ್ಕಿಗಳು ಚಿಕ್ಕದಾಗುತ್ತ ಹೋದವು. ಬೆರಳಿಗೆ ನಿಲುಕದ ಮಡಿಕೆಗಳನ್ನು ಸೂಜಿಯ ಮೊನೆಯಿಂದ ಒತ್ತುತ್ತಿದ್ದಳು. ಸುಲಭವಾದದ್ದು ಕೈಗೆ ಬಂದ ಮೇಲೆ ಕಷ್ಟದ್ದನ್ನು ಆರಿಸಿಕೊಂಡಳು ಎನ್ನಬೇಕು, ಅದೂ ಕೈಕಾಲು ಸೋಲುತ್ತಿದ್ದ ದಿನಗಳಲ್ಲಿ.

1955ರ ಅಕ್ಟೋಬರ್ 25ರ ಬೆಳಿಗ್ಗೆ ಸದಾಕೊ ತೀರಿಕೊಂಡಳು. ವಯಸ್ಸು 12. ಹಿರೋಶಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದ ಪ್ರದರ್ಶನದಲ್ಲಿದ್ದ ಮಾಹಿತಿಯಂತೆ, ಆಗಸ್ಟ್ ಮುಗಿಯುವಷ್ಟರಲ್ಲಿ ಸಾವಿರ, ಆಮೇಲೆ ಇನ್ನೂ ಸುಮಾರು 300. ಸಾಲ ಅವಳ ಕಣ್ಣೆದುರು ತೀರಲಿಲ್ಲ. ಸಹಪಾಠಿಗಳು ದೇಶದ ಶಾಲೆಗಳಿಂದ ಹಣ ಕೂಡಿಸಿದರು. 1958ರ ಮೇ 5ರಂದು ಮಕ್ಕಳ ಶಾಂತಿ ಸ್ಮಾರಕ ಎದ್ದು ನಿಂತಿತು. ಗೆಳೆಯರು ಪೂರ್ತಿಗೊಳಿಸಿದ್ದು ಅದನ್ನು. ಅಲ್ಲಿಗೆ ಈಗ ವರ್ಷಕ್ಕೆ ಸುಮಾರು ಒಂದು ಕೋಟಿ ಕಾಗದದ ಹಕ್ಕಿಗಳು ಬರುತ್ತವೆ.

ಅಂದಿನ ಕಾಲದಲ್ಲಿ ಈ ಕಾಯಿಲೆಗೆ ಹೇಳಿಕೊಳ್ಳುವಂಥ ಚಿಕಿತ್ಸೆ ಇರಲಿಲ್ಲ. ಇಂದು ಮಕ್ಕಳ ರಕ್ತ ಕ್ಯಾನ್ಸರ್‌ನಲ್ಲಿ ಅತಿ ಸಾಮಾನ್ಯವಾದ ಬಗೆ ಬಹುಪಾಲು ಮಕ್ಕಳಲ್ಲಿ ಗುಣವಾಗುತ್ತದೆ, ಬೇಗ ಪತ್ತೆಯಾಗಿ ಚಿಕಿತ್ಸೆ ಪೂರ್ತಿ ನಡೆದರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಮಕ್ಕಳಿಗೆ ಚಿಕಿತ್ಸೆ ಇದೆ. ಬಿಡದ ಜ್ವರ, ಬಿಳಿಚಿದ ಮುಖ, ಪೆಟ್ಟಿಲ್ಲದೆ ಏಳುವ ನೇರಳೆ ಕಲೆ, ಕುತ್ತಿಗೆಯಲ್ಲಿ ಕರಗದ ಗಂಟು ಕಂಡರೆ ವೈದ್ಯರಿಗೆ ತೋರಿಸಿ. ಮೊದಲ ಸುಳಿವು ಮಾಮೂಲಿ ರಕ್ತ ಪರೀಕ್ಷೆಯಲ್ಲೇ ಸಿಗಬಹುದು. ಇಂಥ ಲಕ್ಷಣಕ್ಕೆ ಬಹಳ ಸಲ ಬೇರೆ ಸಣ್ಣ ಕಾರಣವೂ ಇರುತ್ತದೆ, ಗಾಬರಿ ಬೇಡ.

ಇನ್ನು ಭೂತನಾಳದ ಹುಡುಗಿಯ ಹರಿದ ಹಾಳೆಗಳು. ಹೆಚ್ಚಿನವರು ಸೋಲುವುದು ಒಂದೇ ಜಾಗದಲ್ಲಿ: ಮೇಲಿನ ಒಂದೇ ಪದರ ಎತ್ತಿ, ಎರಡೂ ಅಂಚುಗಳನ್ನು ಒಳಕ್ಕೆ ತಂದು ಉದ್ದನೆಯ ಎಸಳು ಮಾಡುವ ಹಂತದಲ್ಲಿ. ಅಲ್ಲಿ ಎಳೆದರೆ ಹರಿಯುತ್ತದೆ. ಮೊದಲೇ ಗೆರೆಗಳನ್ನು ಮಡಚಿ, ಉಗುರಿನಿಂದ ತೀಡಿ, ಬಿಚ್ಚಿಟ್ಟುಕೊಂಡಿದ್ದರೆ ಕಾಗದ ತಾನೇ ಆ ಗೆರೆಯಲ್ಲಿ ಕೂರುತ್ತದೆ. ಎರಡನೆಯ ಕಾರಣ, ಹಾಳೆ ಸರಿಯಾದ ಚೌಕ ಇಲ್ಲದಿರುವುದು. ಮೊದಲ ಮಡಿಕೆಯಲ್ಲಿ ಎರಡು ಮಿಲಿಮೀಟರ್ ಜಾರಿದರೆ ಕೊನೆಗೆ ಕೊಕ್ಕು ಸೊಟ್ಟಗಾಗುತ್ತದೆ. ನೋಟ್‌ಬುಕ್ ಹಾಳೆಯನ್ನು ಕಣ್ಣಳತೆಯಲ್ಲಿ ಕತ್ತರಿಸದೆ, ಸ್ಕೇಲ್ ಇಟ್ಟು 15 ಸೆಂಟಿಮೀಟರ್ ಚೌಕ ಮಾಡಿಕೊಡಿ. ಡ್ರಾಯಿಂಗ್ ಹಾಳೆ ದಪ್ಪ, ಅದು ಬೇಡ. ಎಸೆದ ಐದನೇ ಹಾಳೆ ಹರಿದಿರದಿದ್ದರೆ ಬಿಡಿಸಿ ನೋಡಿ, ಎಲ್ಲಿ ತಪ್ಪಿತು ಎಂಬುದು ಅದರ ಗೆರೆಗಳಲ್ಲೇ ಕಾಣುತ್ತದೆ.