ಸರ್ ಪ್ಯಾಟ್ರಿಕ್ ಗೆಡ್ಡಿಸ್ (1854–1932): ಜೀವನ ಮತ್ತು ನಗರ ಯೋಜನೆ

ನಗರ ಯೋಜನಾ ಶಾಸ್ತ್ರದ ಪ್ರವರ್ತಕರಲ್ಲಿ ಒಬ್ಬರಾದ ಸರ್ ಪ್ಯಾಟ್ರಿಕ್ ಗೆಡ್ಡಿಸ್‌ರವರು 1854ರ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಬ್ಯಾಲಟರ್ ಎಂಬಲ್ಲಿ ಜನಿಸಿದರು. ಅವರು ಎಂಜಿನಿಯರರೂ ಅಲ್ಲ, ವಾಸ್ತುಶಿಲ್ಪಿಯೂ ಅಲ್ಲ, ವೃತ್ತಿಯಿಂದ ಜೀವಶಾಸ್ತ್ರಜ್ಞರು. ಲಂಡನ್ನಿನಲ್ಲಿ ಥಾಮಸ್ ಹೆನ್ರಿ ಹಕ್ಸ್‌ಲಿಯವರ ಬಳಿ ವ್ಯಾಸಂಗ ಮಾಡಿ, 1888ರಿಂದ 1919ರವರೆಗೆ ಡಂಡಿಯ ಯೂನಿವರ್ಸಿಟಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದರು. ಜೀವಿಯನ್ನು ಅದು ಬೆಳೆಯುವ ನೆಲದಿಂದ ಬೇರ್ಪಡಿಸಿ ಅರಿಯಲಾಗದೆಂಬ ಸಸ್ಯಶಾಸ್ತ್ರದ ಪಾಠವನ್ನೇ ಅವರು ನಗರಗಳಿಗೂ ಅನ್ವಯಿಸಿದರು.

1886ರಲ್ಲಿ ಅನ್ನಾ ಮಾರ್ಟನ್‌ರವರನ್ನು ವಿವಾಹವಾದ ಗೆಡ್ಡಿಸ್‌ರವರು ಎಡಿನ್‌ಬರೋ ಹಳೆಯ ಪಟ್ಟಣದ ಕೊಳೆಗೇರಿಯಲ್ಲೇ ಮನೆ ಮಾಡಿದರು. ನೆರೆಹೊರೆಯವರೊಡನೆ ಸೇರಿ ಹಳೆಯ ಮನೆಗಳನ್ನು ದುರಸ್ತಿಗೊಳಿಸಿದರು, ಸುಣ್ಣ ಬಳಿಸಿದರು, ಪಾಳು ನಿವೇಶನಗಳನ್ನು ತೋಟಗಳನ್ನಾಗಿಸಿದರು. ತೀರಾ ಶಿಥಿಲಗೊಂಡ ಕಟ್ಟಡಗಳನ್ನು ಮಾತ್ರ ತೆಗೆದು ಉಳಿದುದನ್ನು ಕಾಪಾಡುವ ಈ ವಿಧಾನವು ಮುಂದೆ ಅವರ ಹೆಸರಿನೊಡನೆಯೇ ಬೆಸೆದುಕೊಂಡಿತು.

ಆ ಕಾಲದ ರೂಢಿ ಬೇರೆಯಾಗಿತ್ತು. ಬ್ಯಾರನ್ ಹೌಸ್‌ಮನ್‌ರವರು ಪ್ಯಾರಿಸ್ಸಿನಲ್ಲಿ ನಿರ್ಮಿಸಿದ ಹೆದ್ದಾರಿಗಳು ಅನೇಕ ನಗರಗಳಿಗೆ ಮಾದರಿಯಾಗಿದ್ದವು. 1866ರಲ್ಲಿ ಗ್ಲಾಸ್ಗೋ ನಗರವು ಶಾಸನದ ಮೂಲಕ ಕೊಳೆಗೇರಿ ತೆರವು ಕೈಗೊಂಡಿತು. 1896ರ ಪ್ಲೇಗಿನಿಂದ ತತ್ತರಿಸಿದ ಮುಂಬಯಿಯಲ್ಲಿ 1898ರಲ್ಲಿ ಸ್ಥಾಪಿತವಾದ ಇಂಪ್ರೂವ್‌ಮೆಂಟ್ ಟ್ರಸ್ಟ್ ಸಹ ಬ್ರಿಟಿಷ್ ನಗರಗಳ ಅನುಭವವನ್ನೇ ಅನುಸರಿಸಿತು. ಕೇರಿಗಳ ನಡುವೆ ನೇರ ರಸ್ತೆಗಳು ಬಂದವು. ಆದರೆ ಮನೆ ಕಳೆದುಕೊಂಡ ಬಡವರು ಪಕ್ಕದ ಕೇರಿಗಳಲ್ಲಿ ಇನ್ನಷ್ಟು ಒತ್ತೊತ್ತಾಗಿ ನೆಲೆಸಬೇಕಾಯಿತು.

ಮದ್ರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲೆಂಡ್‌ರವರ ಆಹ್ವಾನದ ಮೇರೆಗೆ ಗೆಡ್ಡಿಸ್‌ರವರು 1914ರಲ್ಲಿ ಭಾರತಕ್ಕೆ ಬಂದರು. ಅವರ ನಗರ ಪ್ರದರ್ಶನದ ನಕ್ಷೆ ಹಾಗೂ ಚಿತ್ರಗಳನ್ನು ಹೊತ್ತು ಬರುತ್ತಿದ್ದ ಹಡಗನ್ನು ಜರ್ಮನಿಯ ಎಂಡೆನ್ ಯುದ್ಧನೌಕೆಯು ಮುಳುಗಿಸಿತು. ಸ್ನೇಹಿತರ ನೆರವಿನಿಂದ ಮತ್ತೆ ಸಾಮಗ್ರಿ ಕೂಡಿಸಿ, 1915ರಲ್ಲಿ ಮದ್ರಾಸಿನಲ್ಲಿ ಪ್ರದರ್ಶನ ಏರ್ಪಡಿಸಲಾಯಿತು. ಅನ್ಯ ನಗರಗಳ ನಕಲನ್ನು ವಿರೋಧಿಸಿದವರೇ ಅನ್ಯ ನಗರಗಳ ಚಿತ್ರಗಳನ್ನು ಊರೂರಿಗೆ ಕೊಂಡೊಯ್ದರೆಂಬುದು ವಿಚಿತ್ರವೆನಿಸಬಹುದು. ಬೇರೆ ಊರು ಹೇಗೆ ಬೆಳೆಯಿತೆಂಬುದನ್ನು ಕಂಡವರು ತಮ್ಮ ಊರನ್ನು ಹೊಸ ಕಣ್ಣಿನಿಂದ ನೋಡಲಿ ಎಂಬುದು ಅವರ ಉದ್ದೇಶವಾಗಿತ್ತು. ಮೊದಲು ಸಮೀಕ್ಷೆ, ಅನಂತರ ಯೋಜನೆ ಎಂಬ ಕ್ರಮವನ್ನು ಅವರು ಎಲ್ಲಿಯೂ ಬಿಡಲಿಲ್ಲ.

ಮದ್ರಾಸ್ ಪ್ರಾಂತ್ಯದ ಪಟ್ಟಣಗಳನ್ನು ಕುರಿತ 1915ರ ಅವರ ವರದಿಗಳಲ್ಲಿ ತಂಜಾವೂರು, ಮಧುರೆಗಳೊಡನೆ, 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಬಳ್ಳಾರಿಯೂ ಇದೆ. ಓಣಿ ಓಣಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬಾವಿ, ಗುಡಿ, ಮರ, ಅಂಗಳಗಳನ್ನು ಗಮನಿಸುವುದು ಅವರ ಪದ್ಧತಿ. ಹಳೆಯ ಕೇರಿಯ ಮೇಲೆ ಚೌಕಾಕಾರದ ಹೊಸ ಬೀದಿಗಳನ್ನು ಎಳೆಯುವ ಬದಲು ಕೆಲವೇ ಪಾಳು ಮನೆಗಳನ್ನು ತೆಗೆದು ಗಾಳಿ ಬೆಳಕು ಬರುವಂತೆ ಮಾಡಿದರೆ ವೆಚ್ಚವೂ ತಗ್ಗುತ್ತದೆ, ನಿವಾಸಿಗಳೂ ಉಳಿಯುತ್ತಾರೆ ಎಂದು ಅವರು ತೋರಿಸಿದರು. ಮಲೇರಿಯಾದ ಭಯದಿಂದ ಕೆರೆಗಳನ್ನು ಮುಚ್ಚುವುದನ್ನೂ ಒಪ್ಪಲಿಲ್ಲ; ಮೀನು ಮತ್ತು ಬಾತುಕೋಳಿಗಳನ್ನು ಬಿಟ್ಟರೆ ಸೊಳ್ಳೆಯ ಮರಿಗಳು ನಾಶವಾಗುತ್ತವೆ, ಕೆರೆಯು ಊರನ್ನು ತಂಪಾಗಿಡುತ್ತದೆ ಎಂಬುದು ಅವರ ಸಲಹೆ.

1917ನೇ ವರ್ಷ ಅವರಿಗೆ ದುಃಖದ್ದಾಗಿತ್ತು. ಹಿರಿಯ ಮಗ ಯುದ್ಧದಲ್ಲಿ ಮಡಿದರು. ಕೆಲವೇ ವಾರಗಳಲ್ಲಿ ಪತ್ನಿ ಭಾರತದಲ್ಲೇ ನಿಧನರಾದರು. ಆದರೂ ಪ್ಲೇಗ್ ಪೀಡಿತ ಇಂದೋರಿನ ಕಾರ್ಯವನ್ನು ಅವರು ಮುಂದುವರಿಸಿದರು. ಅಲ್ಲಿ ದೀಪಾವಳಿಯ ಮೆರವಣಿಗೆಯು ಅತಿ ಹೆಚ್ಚು ಮನೆಗಳನ್ನು ಶುಚಿಗೊಳಿಸಿದ ಬೀದಿಗಳ ಮೂಲಕವೇ ಸಾಗುವುದೆಂದು ಸಾರಿಸಿದರು. ಜನರು ಮನೆಗಳನ್ನು ತೊಳೆದು ಸುಣ್ಣ ಬಳಿದರು. ಬಂಡಿಗಟ್ಟಲೆ ಕಸ ಹೊರಬಿತ್ತು. ಕೊಳೆಯ ರಾಕ್ಷಸನ ಹಾಗೂ ಪ್ಲೇಗಿನ ಇಲಿಯ ಪ್ರತಿಕೃತಿಗಳನ್ನು ಮೆರವಣಿಗೆಯ ಕೊನೆಯಲ್ಲಿ ಸುಡಲಾಯಿತು. ಯೂರೋಪಿನ ಯಾವ ನಗರದಿಂದಲೂ ಎರವಲು ತಂದ ಉಪಾಯ ಇದಾಗಿರಲಿಲ್ಲ. ಇಂದೋರಿನ ವರದಿಯು 1918ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು.

ಅವರ ಸಲಹೆಗಳೆಲ್ಲ ಜಾರಿಗೆ ಬರಲಿಲ್ಲ. ವರದಿಗಳು ದೀರ್ಘವಾಗಿದ್ದವು, ಎಂಜಿನಿಯರರೊಡನೆ ಭಿನ್ನಾಭಿಪ್ರಾಯಗಳಿದ್ದವು. ಪ್ರತಿ ಓಣಿಯನ್ನೂ ನಡೆದು ನೋಡುವುದಕ್ಕಿಂತ ಸಿದ್ಧ ನಕ್ಷೆಯನ್ನು ಅನುಸರಿಸುವುದು ಕಚೇರಿಗಳಿಗೆ ಸುಲಭವೂ ಆಗಿತ್ತು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರಡಿ ಮಹಾಯೋಜನೆಗೆ ಮುನ್ನ ಹಾಲಿ ಭೂ ಉಪಯೋಗದ ನಕ್ಷೆ ತಯಾರಿಸುವುದನ್ನೂ ಸಾರ್ವಜನಿಕರ ಅಭಿಪ್ರಾಯ ಆಹ್ವಾನಿಸುವುದನ್ನೂ ಇಲ್ಲಿ ಸ್ಮರಿಸಬಹುದು.

1919ರಿಂದ 1924ರವರೆಗೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಬೋಧಿಸಿದ ಗೆಡ್ಡಿಸ್‌ರವರು 1925ರಲ್ಲಿ ಟೆಲ್ ಅವೀವ್ ನಗರದ ಯೋಜನೆ ರಚಿಸಿದರು. 1932ರಲ್ಲಿ ಸರ್ ಪದವಿ ಪಡೆದು, ಅದೇ ವರ್ಷ ಏಪ್ರಿಲ್ 17ರಂದು ಫ್ರಾನ್ಸಿನ ಮಾಂಟ್‌ಪೆಲಿಯೆಯಲ್ಲಿ ನಿಧನರಾದರು. ಅವರ ಭಾರತೀಯ ವರದಿಗಳ ಆಯ್ದ ಭಾಗಗಳನ್ನು ಜಾಕ್ವೆಲಿನ್ ಟಿರ್‌ವಿಟ್‌ರವರು 1947ರಲ್ಲಿ ಪುಸ್ತಕ ರೂಪದಲ್ಲಿ ಹೊರತಂದರು.