ಈಡಾ ಬಿ. ವೆಲ್ಸ್

ಅಮೆರಿಕ ಸಂಯುಕ್ತ ಸಂಸ್ಥಾನಗಳ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯು ಆಯುಧವನ್ನು ಇಟ್ಟುಕೊಳ್ಳುವ ಹಕ್ಕನ್ನು ಜನರಿಗೆ ಕೊಡುತ್ತದೆ. ನಮ್ಮ ಸಂವಿಧಾನದಲ್ಲಿ ಇಂತಹ ಹಕ್ಕಿಲ್ಲ. ಇಲ್ಲಿ ಕೋವಿಗೆ ಪರವಾನಗಿ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಒಂದು ವಿಶೇಷ. ಆದುದರಿಂದ ಮನೆಯಲ್ಲಿ ಬಂದೂಕಿಡುವುದನ್ನು ಹಕ್ಕೆಂದು ಕರೆಯುವುದು ನನಗೆ ವಿಚಿತ್ರವಾಗಿ ತೋರುತ್ತಿತ್ತು. ಈಡಾ ವೆಲ್ಸಳ ಜೀವನವನ್ನು ಓದಿದ ಮೇಲೆ ಅಷ್ಟು ವಿಚಿತ್ರವೆನಿಸಲಿಲ್ಲ.

ಈಕೆ 1862ರ ಜುಲೈ 16ರಂದು ಮಿಸಿಸಿಪಿ ಸಂಸ್ಥಾನದ ಹಾಲಿ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಗುಲಾಮ ದಂಪತಿಗಳ ಮಗಳಾಗಿ ಹುಟ್ಟಿದಳು. ಅಂತರ್ಯುದ್ಧ ಮುಗಿದು ಗುಲಾಮಗಿರಿ ತೊಲಗಿತು. ಆದರೆ 1865ರಲ್ಲಿಯೇ ಆ ಸಂಸ್ಥಾನವು, ಬಿಡುಗಡೆ ಹೊಂದಿದ ಕಪ್ಪುಜನರು ಅಪ್ಪಣೆಯಿಲ್ಲದೆ ಬಂದೂಕು ಇಟ್ಟುಕೊಳ್ಳಬಾರದೆಂದು ಶಾಸನ ಮಾಡಿತು. 1876ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎರಡನೆಯ ತಿದ್ದುಪಡಿ ಕೇಂದ್ರ ಸರ್ಕಾರವನ್ನು ಮಾತ್ರ ತಡೆಯುವುದೆಂದು ತೀರ್ಪಿತ್ತಿತು. ಸಂಸ್ಥಾನವೇ ಆಯುಧವನ್ನು ಕಸಿದುಕೊಂಡರೆ ಆ ತಿದ್ದುಪಡಿಯಿಂದ ರಕ್ಷಣೆಯಿಲ್ಲವೆಂದಾಯಿತು.

1878ರ ಹಳದಿ ಜ್ವರದಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡರು. ತಮ್ಮತಂಗಿಯರನ್ನು ಬೇರೆ ಬೇರೆ ಮನೆಗಳಿಗೆ ಹಂಚುವ ಮಾತಿಗೆ ಒಪ್ಪದೆ, 16ರ ಹುಡುಗಿ ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯಿನಿಯಾದಳು. ಮನೆಯಲ್ಲಿ ನಾಲ್ಕಕ್ಷರ ಕಲಿತವರ ಹೆಗಲಿಗೇ ನೊಗ ಬೀಳುವುದು ನಮ್ಮಲ್ಲಿ ಅನೇಕರಿಗೆ ಹೊಸತಲ್ಲ. ಅನಂತರ ಟೆನೆಸಿಯ ಮೆಂಫಿಸ್ ನಗರಕ್ಕೆ ಬಂದು, ಪತ್ರಿಕೆಯೊಂದರ ಪಾಲುದಾರಳೂ ಸಂಪಾದಕಿಯೂ ಆದಳು.

ಅಲ್ಲಿ ಟಾಮಸ್ ಮಾಸ್ ಎಂಬ ಅಂಚೆಯವನು ಆಕೆಯ ಮಿತ್ರ. ಅವನು ಗೆಳೆಯರೊಡನೆ ತೆರೆದ ದಿನಸಿ ಅಂಗಡಿಯು ಎದುರಿನ ಬಿಳಿಯ ವರ್ತಕನಿಗೆ ಕಣ್ಣುರಿಯಾಯಿತು. 1892ರ ಮಾರ್ಚ್ 5ರ ರಾತ್ರಿ ಆಯುಧಪಾಣಿಗಳಾದ ಬಿಳಿಯರು ಅಂಗಡಿಗೆ ಬಂದರು. ದಾಳಿಯೆಂದು ಬಗೆದು ಕಾವಲಿನವರು ಗುಂಡು ಹಾರಿಸಿದರು. ಗಾಯಗೊಂಡವರು ಸಾದಾ ಉಡುಪಿನಲ್ಲಿದ್ದ ಸರ್ಕಾರಿ ಸಿಬ್ಬಂದಿ! ಆತ್ಮರಕ್ಷಣೆಯೇ ಅಪರಾಧವಾಯಿತು. ನಾಲ್ಕು ದಿನಗಳ ಅನಂತರ ಗುಂಪೊಂದು ಸೆರೆಮನೆಗೆ ನುಗ್ಗಿ, ಮಾಸ್, ಮೆಕ್‌ಡೊವೆಲ್, ಸ್ಟೀವರ್ಟ್ ಎಂಬ ಮೂವರನ್ನು ಎಳೆದೊಯ್ದು ಗುಂಡಿಕ್ಕಿ ಕೊಂದಿತು. ಯಾರಿಗೂ ಶಿಕ್ಷೆಯಾಗಲಿಲ್ಲ.

ಈಡಾ ಪಿಸ್ತೂಲನ್ನು ಕೊಂಡಳು. ಸಾಯುವುದಾದರೆ ಸುಮ್ಮನೆ ಸಾಯಬಾರದೆಂಬುದು ಆಕೆಯ ನಿಶ್ಚಯ. ಊರನ್ನು ಬಿಡಿರೆಂದು ತನ್ನವರಿಗೆ ಬರೆದಳು. ಸಾವಿರಾರು ಮಂದಿ ಹೊರಟೇಹೋದರು. ಮೇ ತಿಂಗಳಲ್ಲಿ, ಆಕೆ ಪ್ರವಾಸದಲ್ಲಿದ್ದಾಗ, ಪತ್ರಿಕೆಯ ಕಚೇರಿಯನ್ನು ಧ್ವಂಸಮಾಡಿದರು. ಹಿಂದಿರುಗಿದರೆ ಕೊಲ್ಲುವೆವೆಂಬ ಬೆದರಿಕೆಯೂ ಬಂದಿತು. ಅದೇ ವರ್ಷ ಪ್ರಕಟವಾದ ‘ಸದರ್ನ್ ಹಾರರ್ಸ್’ ಪುಸ್ತಿಕೆಯಲ್ಲಿ, ಕಪ್ಪುಜನರ ಪ್ರತಿಯೊಂದು ಮನೆಯಲ್ಲೂ ವಿಂಚೆಸ್ಟರ್ ಬಂದೂಕಿಗೆ ಗೌರವದ ಸ್ಥಾನವಿರಬೇಕೆಂದು ಬರೆದಳು. ಕಾನೂನು ಕೊಡದ ರಕ್ಷಣೆಯನ್ನು ಅದು ಕೊಡಬೇಕೆಂಬುದು ಆಕೆಯ ವಾದ. ಜ್ಯಾಕ್ಸನ್‌ವಿಲ್ ಮತ್ತು ಪಡೂಕಾಗಳಲ್ಲಿ ಜನರು ಆಯುಧ ಹಿಡಿದು ನಿಂತುದರಿಂದ ಕೊಲೆಗಳು ತಪ್ಪಿದುವೆಂದು ಉದಾಹರಣೆಯನ್ನೂ ಕೊಟ್ಟಳು.

ಇಲ್ಲಿ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಅಂಗಡಿಯಲ್ಲಿದ್ದ ಬಂದೂಕುಗಳು ಮಾಸನನ್ನು ಉಳಿಸಲಿಲ್ಲವಲ್ಲ! ಆದರೆ ಅವನು ಸತ್ತದ್ದು ಸರ್ಕಾರದ ಕಾವಲಿನಲ್ಲಿ, ಬರಿಗೈಯಲ್ಲಿದ್ದಾಗ ಎಂಬುದನ್ನು ನೆನೆದರೆ ಉತ್ತರ ಹೇಳುವುದು ಕಷ್ಟ.

ಮುಂದೆ ಆಕೆ ನೆಚ್ಚಿದ್ದು ಹೆಚ್ಚಾಗಿ ಲೇಖನಿಯನ್ನು. 1893 ಮತ್ತು 1894ರಲ್ಲಿ ಬ್ರಿಟನ್ನಿನಲ್ಲಿ ಸಂಚರಿಸಿ ಭಾಷಣಮಾಡಿದಳು. 1895ರಲ್ಲಿ, ಯಾರೂ ಅಲ್ಲಗಳೆಯಬಾರದೆಂದು ಬಿಳಿಯರ ಪತ್ರಿಕೆಗಳಿಂದಲೇ ಅಂಕಿಗಳನ್ನು ಆಯ್ದು, ಗುಂಪುಕೊಲೆಗಳ ಲೆಕ್ಕವನ್ನು ಮುದ್ರಿಸಿದಳು. ಅದೇ ವರ್ಷ ವಕೀಲ ಬಾರ್ನೆಟ್ಟನನ್ನು ವಿವಾಹವಾಗಿ ಷಿಕಾಗೋದಲ್ಲಿ ನೆಲೆಸಿ, 1931ರ ಮಾರ್ಚ್ 25ರಂದು ಅಲ್ಲಿಯೇ ಕಣ್ಮುಚ್ಚಿದಳು.

ಆಕೆ ಸತ್ತ 79 ವರ್ಷಗಳ ಮೇಲೆ, 2010ರಲ್ಲಿ, ಸಂಸ್ಥಾನಗಳೂ ನಗರಗಳೂ ಈ ಹಕ್ಕಿಗೆ ತಲೆಬಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಬಿಡುಗಡೆ ಹೊಂದಿದ ಗುಲಾಮರಿಂದ ಬಂದೂಕು ಕಸಿದುಕೊಂಡ ಚರಿತ್ರೆ ಆ ತೀರ್ಪಿನಲ್ಲಿ ವಿಸ್ತಾರವಾಗಿ ಬಂದಿದೆ. ಮನೆಯಲ್ಲಿ ಕೈಬಂದೂಕು ಇಟ್ಟುಕೊಳ್ಳಲು ದಾವೆ ಹೂಡಿದವನು ಓಟಿಸ್ ಮೆಕ್‌ಡೊನಾಲ್ಡ್ ಎಂಬ ಕಪ್ಪುಜನಾಂಗದ ವೃದ್ಧ. ಅವನ ಊರೂ ಷಿಕಾಗೋ.