ವ್ಯಾಧಿಯಿಂದ ಭೋಜನಸಂಧಿಗೆ: ಶ್ರೀ ಜಗನ್ನಾಥದಾಸರು

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಬ್ಯಾಗವಟ್ಟಿಯಲ್ಲಿ 1728ರಲ್ಲಿ ಜನಿಸಿದ ಶ್ರೀನಿವಾಸಾಚಾರ್ಯರು ಶ್ರೀ ವರದೇಂದ್ರತೀರ್ಥರಲ್ಲಿ ವ್ಯಾಸಂಗ ಮಾಡಿ ಸಂಸ್ಕೃತ ವಿದ್ವಾಂಸರೆಂದು ಖ್ಯಾತರಾದರು. ಕನ್ನಡದಲ್ಲಿ ಹಾಡುವ ದಾಸರಲ್ಲಿ ಅವರಿಗೆ ಆದರವಿರಲಿಲ್ಲ. ಶ್ರೀ ವಿಜಯದಾಸರು ಭೋಜನಕ್ಕೆ ಆಹ್ವಾನಿಸಿದಾಗ ಹೊಟ್ಟೆನೋವೆಂದು ನೆಪ ಹೇಳಿದರೆಂದೂ, ಆ ನೆಪವೇ ನಿಜವಾದ ವ್ಯಾಧಿಯಾಗಿ ಅಂಟಿಕೊಂಡಿತೆಂದೂ ದಾಸಪರಂಪರೆಯಲ್ಲಿ ಪ್ರತೀತಿ. ಅನ್ನ ಸೇರದು, ಔಷಧ ಫಲಿಸದು. ಕಲಿತ ಶಾಸ್ತ್ರವೂ ನೆರವಿಗೆ ಬಾರದ ಆ ದಿನಗಳ ನಿರಾಶೆ ಎಂಥದಿದ್ದೀತು! ಕಡೆಗೆ ವಿಜಯದಾಸರ ಅಪ್ಪಣೆಯಂತೆ ಅವರ ಶಿಷ್ಯರಾದ ಶ್ರೀ ಗೋಪಾಲದಾಸರಲ್ಲಿ ಶರಣಾದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದು ಹಿರಿಯರು ಹೇಳುತ್ತಾರೆ. ಪಂಢರಪುರದಲ್ಲಿ ‘ಜಗನ್ನಾಥವಿಠಲ’ ಅಂಕಿತ ದೊರೆಯಿತು.

ಈ ಕಥೆಯನ್ನು ಬಲ್ಲವರು ಬಹಳ ಮಂದಿ. ಆದರೆ ಆ ನೋವು ಕಾವ್ಯದಲ್ಲಿ ಏನಾಯಿತೆಂಬುದನ್ನು ಗಮನಿಸುವವರು ವಿರಳ. ಕನ್ನಡವನ್ನು ಕಡೆಗಣಿಸಿದ್ದ ಪಂಡಿತರು ಕನ್ನಡದ ಭಾಮಿನೀ ಷಟ್ಪದಿಯಲ್ಲಿಯೇ ಹರಿಕಥಾಮೃತಸಾರವನ್ನು ರಚಿಸಿದರು. ಅಲ್ಲಿ ರೋಗದ ಗೋಳಿಲ್ಲ. ಮಂಗಳಾಚರಣೆಯ ಬೆನ್ನಿಗೇ ಕರುಣಾಸಂಧಿ. ನಾಲ್ಕನೆಯದು ಭೋಜನರಸವಿಭಾಗ ಸಂಧಿ. ಅನ್ನದಲ್ಲಿ ಕೇಶವ, ಪರಮಾನ್ನದಲ್ಲಿ ನಾರಾಯಣ, ತುಪ್ಪದಲ್ಲಿ ಗೋವಿಂದ ಎಂದು ಎಲೆಯ ಮೇಲಿನ ಒಂದೊಂದು ಪದಾರ್ಥದಲ್ಲಿಯೂ ಭಗವದ್ರೂಪದ ಚಿಂತನೆ. ತುತ್ತು ಅನ್ನಕ್ಕಾಗಿ ಹಂಬಲಿಸಿದವರಲ್ಲದೆ ಬೇರೆಯವರು ಊಟವನ್ನು ಇಷ್ಟು ಅಕ್ಕರೆಯಿಂದ ಕಂಡಾರೆಯೇ? ಸಂಧಿಯನ್ನು ತತ್ತ್ವಕ್ಕಾಗಿ ಮಾತ್ರ ಓದುವ ಪಂಡಿತರು ಇದನ್ನು ಒಪ್ಪಲಾರರೇನೋ. ನನಗಂತೂ ಪ್ರತಿ ಪಾರಾಯಣದಲ್ಲಿಯೂ ಹಾಗೆಯೇ ತೋರುತ್ತದೆ.

1809ರ ಭಾದ್ರಪದ ಶುದ್ಧ ನವಮಿಯಂದು ದಾಸರು ಮಾನ್ವಿಯಲ್ಲಿ ಹರಿಪಾದ ಸೇರಿದರು. ಅವರು ಸನ್ನಿಹಿತರಾಗಿರುವರೆಂದು ಭಕ್ತರು ನಂಬುವ ಅಲ್ಲಿಯ ಕಂಬಕ್ಕೆ ಇಂದಿಗೂ ಪೂಜೆ ಸಲ್ಲುತ್ತಿದೆ.